ಯುದ್ಧಪ್ಪನ ಪದಕ್ಕೆ ಬಿದ್ದ ಸೀಟಿ

ವಿದೇಶಕ್ಕೆ ಹೋಗಿ ಬಂದವರನ್ನು ನಮ್ಮ ಕಡೆ ಮೊದಲು ಕೇಳುವುದು, ಅಲ್ಲಿ ರೊಟ್ಟಿ ಸಿಕ್ಕಿತೇ ಎಂದು. ಸಿಗಲಿಲ್ಲ. ಎರಡನೆಯದು, ವಿಮಾನ ಮೇಲೇರುವಾಗ ಹೊಟ್ಟೆ ತೊಳಸಿತೇ ಎಂದು. ತೊಳಸಿತು. ಮೂರನೆಯ ಪ್ರಶ್ನೆಯನ್ನು ನಮ್ಮ ಮನೆಯವರು ಮಾತ್ರ ಕೇಳುತ್ತಾರೆ: ಹುಕ್ಕೇರಿ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಸೀಟಿ ಊದಿದರೆ ನೀನು ಯಾಕೆ ತಲೆಯ ಮೇಲೆ ಕೈ ಇಟ್ಟುಕೊಂಡು ಬಗ್ಗುತ್ತೀ? ಅದಕ್ಕೆ ಉತ್ತರ ಕೊಡಬೇಕಾದರೆ ಇಡೀ ಪ್ರವಾಸವನ್ನೇ ಹೇಳಬೇಕಾಗುತ್ತದೆ.

ನಾನು ಹುಕ್ಕೇರಿಯ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ಅತಿಥಿ ಉಪನ್ಯಾಸಕಿ. ಹಾಡುಗಾರ್ತಿಯಲ್ಲ. ಹಾಡುವವಳು ನನ್ನ ತಾಯಿಯ ತಂಗಿ, ಬೆಲ್ಲದ ಬಾಗೇವಾಡಿಯ ಶಾಂತಾ ಮೌಶಿ. ಹೊಲದ ಕೆಲಸ ಇದ್ದ ದಿನ ಹೊಲ, ಕರೆ ಬಂದ ದಿನ ಗೀಗೀ ಪದ. ಅವಳ ಎದುರು ಹಾಡುವವರು ಮೂಡಲಗಿಯ ಮಲ್ಲಪ್ಪ ಕಾಕಾ. ದಪ್ಪು ಬಾರಿಸುವವರೂ ಅವರೇ. ಒಂಟಿ ತಂತಿಯ ತುಂತುಣಿ ಮೀಟುವವನು ಗೋಕಾಕದ ಯಲ್ಲಪ್ಪ, ದಿನಕ್ಕೆ ನಾಲ್ಕು ಮಾತು ಆಡಿದರೆ ಅವತ್ತು ಅವನಿಗೆ ಜ್ವರ ಬಂದಿದೆ ಎಂದು ತಿಳಿಯಬೇಕು.

ಗೀಗೀ ಮೇಳದ ಕಟ್ಟಳೆ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ, ಏಕೆಂದರೆ ಎಲ್ಲ ಅನಾಹುತವೂ ಅದನ್ನು ಹೇಳದೆ ಬಿಟ್ಟಿದ್ದರಿಂದಲೇ ಆಯಿತು. ಒಬ್ಬರು ಒಂದು ಪಕ್ಷ ಹಿಡಿದು ಸವಾಲು ಹಾಕುತ್ತಾರೆ, ಇನ್ನೊಬ್ಬರು ಜವಾಬು ಕೊಡುತ್ತಾರೆ. ಹಿಡಿದ ಪಕ್ಷ ಎಷ್ಟೇ ಕೆಟ್ಟದ್ದಾಗಿರಲಿ, ಜೀವ ಸುರಿದು ಹಾಡಬೇಕು. ಜನ ಸೀಟಿ ಹೊಡೆದರೆ ಆ ನುಡಿಯನ್ನು ಮತ್ತೆ ಹಾಡಬೇಕು. ಸೋತವರು ವಾದ್ಯವನ್ನು ಬೋರಲು ಇಡಬೇಕು. ಇನ್ನೊಂದು ಕಾಕಾರ ಸ್ವಂತ ಕಟ್ಟಳೆ: ಜನರಿಗೆ ಜವಾಬು ಕೇಳಿಸದೆ ಊರು ಬಿಡಬಾರದು. ಬಿಟ್ಟರೆ ಆ ಸವಾಲು ಹಾಕಿದವನ ಕೊರಳಿಗೇ ಬೀಳುತ್ತದೆ.

ಬೆಲ್ಲದ ಬಾಗೇವಾಡಿ

ಚೆಕ್ ದೇಶದ ಯಾನಾ ಎಂಬ ಹುಡುಗಿ ಎರಡು ವರ್ಷದ ಹಿಂದೆ ನಮ್ಮ ಭಾಗದ ಹಾಡುಗಳನ್ನು ರೆಕಾರ್ಡ್ ಮಾಡಿಕೊಳ್ಳಲು ಬಂದು ಮೌಶಿಯ ಮನೆಯಲ್ಲಿ ಹದಿನೈದು ದಿನ ಇದ್ದಳು. ಗೋಡೆಯ ಮೇಲಿನ ಬುದ್ಧನ ಫೋಟೋದ ಕೆಳಗೆ ಚಾಪೆ ಹಾಸಿಕೊಂಡು ಮಲಗುತ್ತಿದ್ದಳು, ರೊಟ್ಟಿ ಬಡಿಯಲು ಹೋಗಿ ಹಂಚಿನ ಮೇಲೆ ದಿನಕ್ಕೊಂದು ದೇಶದ ನಕ್ಷೆ ಮಾಡುತ್ತಿದ್ದಳು. ಅವಳ ಊರಿನಲ್ಲಿ ಪ್ರತಿ ಬೇಸಿಗೆ ಒಂದು ಸಂಗೀತ ಉತ್ಸವ ನಡೆಯುತ್ತದೆ. ಯುದ್ಧವನ್ನು ಗೇಲಿ ಮಾಡುವ ಹಾಡುಗಳಿಗೆ ಮಾತ್ರ ಅಲ್ಲಿ ಜಾಗ. ಕಾಕಾ ಕಟ್ಟಿದ ಯುದ್ಧಪ್ಪನ ಪದ ಅವಳಿಗೆ ನೆನಪಿತ್ತು. ಮೇಳವನ್ನು ಕರೆದಳು, ಅನುವಾದಕ್ಕೆಂದು ನನ್ನನ್ನೂ ಕರೆದಳು.

ಯುದ್ಧಪ್ಪ ಕಬ್ಬು ಕಡಿಯುವ ಗ್ಯಾಂಗಿನ ಮುಕಾದಮ. ಆಳು ಕೂಡಿಸಲು ಊರಿಗೆ ಬರುತ್ತಾನೆ. ಕಾಕಾ ತಲೆಯ ಪಟಗಾ ಓರೆ ಮಾಡಿ, ಮೀಸೆಗೆ ಕೈ ಹಾಕಿ ಶುರು ಮಾಡುತ್ತಾರೆ:

ನಾ ಬಂದೇನಿ ಯುದ್ಧಪ್ಪ ಮುಕಾದಮ
ಮನಿಗೊಂದ ಆಳ ಕೊಡ್ರಿ
ಎಳಿ ಕಬ್ಬಂದ್ರ ನನಗ ಬಲು ಪ್ರೀತಿ
ಬುಡಕ್ಕ ಕಡದ ಕೊಡ್ರಿ

ಹೋದಾಂವ ಬರಲಿಲ್ಲಂತ ಅಳಬ್ಯಾಡ ಮುದುಕಿ
ಫೋಟೋಕ್ಕ ಹಾರ ತರತೇನಿ
ಓಣಿಗೆ ನಿನ್ನ ಮಗನ ಹೆಸರಿಟ್ಟು
ರಿಬ್ಬನ್ ನಾನ ಕತ್ತರಸತೇನಿ

ಆಮೇಲೆ ಮೌಶಿ ಎದ್ದು ಜವಾಬು ಕೊಡುತ್ತಾಳೆ. ಅವಳ ಜವಾಬೇ ಒಂದು ಪ್ರಶ್ನೆ, ಅದು ಮುಂದೆ ಬರುತ್ತದೆ. ಅದಕ್ಕೆ ಯುದ್ಧಪ್ಪ ಕಿಸಕ್ಕನೆ ನಕ್ಕು ಕೊನೆಯದೊಂದು ನುಡಿ ಹಾಡಿ ತಪ್ಪಿಸಿಕೊಳ್ಳುತ್ತಾನೆ:

ಎಲ್ಲಿ ಚಿಗೀತಾನೋ ನನಗೇನ ಗೊತ್ತವ್ವಾ
ನನ್ನ ಕೆಲಸ ಕಡಿಯೂದು
ಈ ಹಂಗಾಮ ಮುಗೀತು, ಬರೂ ಹಂಗಾಮಿಗೆ
ಮತ್ತ ನಿನ್ನ ಬಾಗಿಲ ಬಡಿಯೂದು

ನಮ್ಮ ಊರುಗಳಲ್ಲಿ ಸೀಟಿ ಬೀಳುವುದು ಈ ನುಡಿಗೆ. ಹತ್ತರಗಿಯಲ್ಲಿ ಒಮ್ಮೆ ಇದನ್ನು ಆರು ಸಲ ಹಾಡಿಸಿದ್ದರು. ಅಂದಮೇಲೆ ಈ ಪದದಲ್ಲಿ ಯುದ್ಧಪ್ಪ ಯಾವತ್ತೂ ಸೋತವನಲ್ಲ, ಕಾಕಾ ದಪ್ಪು ಬೋರಲು ಇಟ್ಟವರೂ ಅಲ್ಲ.

ಯಾನಾಳ ಪತ್ರವನ್ನು ನಾನು ಓದಿ ಹೇಳಿದಾಗ ಕಾಕಾ ಒಂದೇ ಕಡೆ ತಡೆದರು.

“ಇಪ್ಪತ್ತೈದು ಏನಂದಿ? ತಾಸ?”

“ಮಿನಿಟ್ರಿ ಕಾಕಾ.”

“ಅಷ್ಟರಾಗ ದಪ್ಪು ಕಾಸೂದೂ ಮುಗಿಯೂದಿಲ್ಲ ಮಗಳ. ಗಣಪತಿಗೆ ಎರಡು ನುಡಿ, ಗುರುವಿಗೆ ಎರಡು ನುಡಿ, ಅಲ್ಲಿಗೆ ಆತಲ್ಲ ನಿನ್ನ ಇಪ್ಪತ್ತೈದು.”

“ಗಣಪತಿಗೆ ಫೋನ್ ಹಚ್ಚಿ ಹೇಳ್ರಿ,” ಎಂದಳು ಮೌಶಿ, ಕಾಳು ಹಸನು ಮಾಡುತ್ತ. “ವಾಪಸ್ ಬಂದ ಮ್ಯಾಲ ಹಾಡ್ತೇವಂತ.”

ಹದಿನೈದು ದಿನ ನಾನು ಮೊಬೈಲಿನಲ್ಲಿ ಗಡಿಯಾರ ಇಟ್ಟು ತಾಲೀಮು ಮಾಡಿಸಿದೆ. ಕಾಕಾರಿಗೆ ಹನ್ನೆರಡು ನಿಮಿಷ, ಮೌಶಿಗೆ ಹತ್ತು, ಕೊನೆಯ ನುಡಿಗೆ ಮೂರು. ಇಂಗ್ಲಿಷ್ ಅನುವಾದವನ್ನೂ ಮಾಡಿ ಕಳಿಸಿದೆ. ಅದನ್ನು ಅವರ ಭಾಷೆಗೆ ತಂದು ವೇದಿಕೆಯ ಹಿಂದಿನ ಪರದೆಯ ಮೇಲೆ ತೋರಿಸುತ್ತಾರೆಂದು ಯಾನಾ ಬರೆದಿದ್ದಳು. ಇದು ಸವಾಲು, ಮುಂದೆ ಜವಾಬಿದೆ ಎಂದು ಒಂದು ಸಾಲು ಮೇಲೆ ಬರೆಯಬೇಕಿತ್ತು. ಬರೆಯಲಿಲ್ಲ. ಅದೂ ಗೊತ್ತಿಲ್ಲದವರು ಜಗತ್ತಿನಲ್ಲಿ ಇರುತ್ತಾರೆಂದು ನನಗೆ ಹೊಳೆಯಲೇ ಇಲ್ಲ.

ಕರದಂಟಿನ ಮುಂದೆ ಕುಳಿತ ನಾಯಿ

ಗೋಕಾಕದಿಂದ ಹೊರಟವನು ಕರದಂಟು ಇಲ್ಲದೆ ಪರರ ಮನೆಗೆ ಹೋದರೆ ಅಪಮಾನ. ಯಲ್ಲಪ್ಪ ನಾಲ್ಕು ಡಬ್ಬಿ ತಂದಿದ್ದ. ಆ ದೇಶದಲ್ಲಿ ಇಳಿದು ಸಾಮಾನು ಎತ್ತಿಕೊಳ್ಳುವ ಕಡೆ ಒಂದು ಕಂದು ಬಣ್ಣದ ನಾಯಿ ಬಂದು ನಮ್ಮ ಚೀಲ ಮೂಸಿ, ಅದರ ಮುಂದೆ ಶಿಸ್ತಾಗಿ ಕುಳಿತುಬಿಟ್ಟಿತು. ಏನಾದರೂ ಸಂಶಯದ ವಸ್ತು ಸಿಕ್ಕರೆ ಹಾಗೆ ಕೂರಬೇಕೆಂದು ಅದಕ್ಕೆ ಕಲಿಸಿರುತ್ತಾರಂತೆ. ಇಬ್ಬರು ಅಧಿಕಾರಿಗಳು ಓಡಿ ಬಂದರು.

“ತುಪ್ಪದ ವಾಸನಿ ಹತ್ತೈತಿ ಪಾಪ ಅದಕ್ಕ,” ಎಂದರು ಕಾಕಾ. “ಒಂದ ತುಣಕ ಹಾಕ್ರಿ.”

ನಾನು ಅದನ್ನು ಅನುವಾದಿಸಲಿಲ್ಲ. ಅಧಿಕಾರಿ ಒಂದು ತುಂಡನ್ನು ಎತ್ತಿ ಮೇಜಿಗೆ ಕುಟ್ಟಿದ. ಮೇಜು ಸದ್ದು ಮಾಡಿತು, ಕರದಂಟು ಮಾಡಲಿಲ್ಲ. ಅಂಟು, ಬೆಲ್ಲ, ಬದಾಮಿ, ತುಪ್ಪ ಎಂದು ಹೇಳುತ್ತ ಹೋದೆ. ತುಪ್ಪ ಎನ್ನುತ್ತಲೇ ತಡೆದ. ಹಾಲಿನಿಂದ ಮಾಡಿದ್ದು ಒಳಗೆ ಬಿಡುವಂತಿಲ್ಲ. ಮೂರು ಡಬ್ಬಿ ಅಲ್ಲಿಯೇ ಉಳಿದವು. ನಾಯಿ ನಮ್ಮನ್ನು ಕಣ್ಣು ತುಂಬ ನೋಡಿ ಬೀಳ್ಕೊಟ್ಟಿತು. ನಾಲ್ಕನೆಯದು ಮೌಶಿಯ ಸೀರೆಗಳ ಗಂಟಿನಲ್ಲಿತ್ತೆಂದು ನನಗೆ ತಿಳಿದದ್ದು ಮರುದಿನ.

“ನನ್ನ ಯಾರೂ ಕೇಳಲೇ ಇಲ್ಲಲ್ಲ,” ಎಂದಳು.

ಸಕ್ಕರೆ ಇಲ್ಲದ ಸಕ್ಕರೆ ಕಾರ್ಖಾನೆ

ಊರಿನ ಹೆಸರಿನಲ್ಲಿ ವ್ಯಂಜನಗಳೇ ತುಂಬಿದ್ದವು. ನಾಲಿಗೆಗೆ ಕಾಲಿಡಲು ಜಾಗವಿರಲಿಲ್ಲ. ನಮ್ಮ ಹತ್ತರಗಿಯ ಹಾಗೆ ಹೆದ್ದಾರಿಯ ಬಾಜೂ ಇದ್ದದ್ದರಿಂದ ಕಾಕಾ ಅದಕ್ಕೆ ಸಣ್ಣ ಹತ್ತರಗಿ ಎಂದು ಹೆಸರಿಟ್ಟರು. ಮೂರು ದಿನ ನಾವು ಹಾಗೆಯೇ ಕರೆದೆವು.

ಅಲ್ಲಿಯ ಜನ ಒಂದು ವಾಹನವೂ ಇಲ್ಲದ ರಸ್ತೆಯಲ್ಲಿ ಕೆಂಪು ದೀಪ ಹಸಿರಾಗುವವರೆಗೆ ಕೈಕಟ್ಟಿ ನಿಲ್ಲುತ್ತಾರೆ. ಕಾಕಾ ಮೊದಲ ಸಲ ನಿಂತರು, ಎರಡನೆಯ ಸಲ “ಯಾರ ದಾರಿ ಕಾಯಾಕತ್ತೇವಿ?” ಎಂದು ಕೇಳಿದರು. ಮನೆಯೊಳಗೆ ಚಪ್ಪಲಿ ಬಿಟ್ಟೇ ಬರುತ್ತಾರೆ. ಅದನ್ನು ಕಂಡು ಮೌಶಿಗೆ ಅವರ ಮೇಲೆ ನಂಬಿಕೆ ಹುಟ್ಟಿತು. ಲಿಫ್ಟಿನಲ್ಲಿ, ಅಂಗಡಿಯಲ್ಲಿ ಗುರುತಿಲ್ಲದವರಿಗೂ ನಮಸ್ಕಾರ ಹೇಳುತ್ತಾರೆ, ಹೇಳಿದ ಮೇಲೆ ಮಾತ್ರ ಒಂದು ಅಕ್ಷರ ಮಾತಾಡುವುದಿಲ್ಲ. ಮೌಶಿಗೆ ಇದು ತಿಳಿಯಲಿಲ್ಲ. ನಮಸ್ಕಾರ ಮಾಡಿದ ಮೇಲೆ ಯಾವ ಊರು, ಎಷ್ಟು ಮಕ್ಕಳು ಎಂದು ಕೇಳದೆ ಬಿಡುವುದು ಹೇಗೆ? ಕನ್ನಡದಲ್ಲೇ ಕೇಳುತ್ತಿದ್ದಳು. ಇಬ್ಬರು ಮುದುಕಿಯರು ಬೆರಳೆತ್ತಿ ಮಕ್ಕಳ ಲೆಕ್ಕ ಹೇಳಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಉತ್ಸವ ನಡೆಯುವುದು ಮುಚ್ಚಿಹೋದ ಒಂದು ಸಕ್ಕರೆ ಕಾರ್ಖಾನೆಯ ಅಂಗಳದಲ್ಲಿ. ಸಕ್ಕರೆ ಕಾರ್ಖಾನೆ ಎಂದು ಕೇಳುತ್ತಲೇ ನಮ್ಮ ಮೇಳದ ಮೂವರ ಮುಖವೂ ಅರಳಿತು. ಕಾಕಾ ಮೂಗು ಎತ್ತಿ ಎಳೆದರು. ಮೊಲಾಸಿಸ್ ವಾಸನೆ ಇಲ್ಲ, ಟ್ರ್ಯಾಕ್ಟರಿನ ಸಾಲಿಲ್ಲ. ಅಲ್ಲಿ ಸಕ್ಕರೆ ಆಗುತ್ತಿದ್ದುದು ಕಬ್ಬಿನಿಂದಲ್ಲ, ಬಿಳಿ ಬೀಟ್‌ರೂಟಿನ ಗಡ್ಡೆಯಿಂದ. ಯಾನಾ ಇದನ್ನು ಪತ್ರದಲ್ಲಿ ಬರೆದಿದ್ದರಿಂದ ಅನುವಾದದಲ್ಲಿ ಕಬ್ಬು ಎಂಬುದನ್ನು ನಾನು ಮೊದಲೇ ಬೀಟ್ ಎಂದು ತಿದ್ದಿದ್ದೆ.

“ಗಡ್ಡಿಯಿಂದ ಸಕ್ಕರಿ ತಗಿಯೂದಂದ್ರ,” ಕಾಕಾ ತಲೆ ಅಲ್ಲಾಡಿಸಿದರು, “ಕಲ್ಲಿನ ಎಮ್ಮಿ ಹಿಂಡಿದಂಗ.”

ಶುಕ್ರವಾರ ಇಡೀ ದಿನ ಬೇರೆಯವರ ಹಾಡು ಕೇಳಿದೆವು. ಬಿಯರ್ ಬಾಟಲಿಯ ಮುಚ್ಚಳಗಳನ್ನು ಪದಕಗಳಂತೆ ಎದೆಗೆ ಚುಚ್ಚಿಕೊಂಡ ಒಬ್ಬ ಮುದುಕ ಹಾರ್ಮೋನಿಯಂನಂಥದ್ದನ್ನು ಎದೆಗೆ ಕಟ್ಟಿಕೊಂಡು, ಸೊಕ್ಕಿನಿಂದ ಉಬ್ಬಿದ ಜನರಲ್ ಒಬ್ಬನ ಕಥೆ ಹಾಡಿದ. ಇಬ್ಬರು ಹೆಂಗಸರು ರಟ್ಟಿನ ಯುದ್ಧ ಟ್ಯಾಂಕೊಂದನ್ನು ತೊಟ್ಟಿಲಿಗೆ ಹಾಕಿ ಜೋಗುಳ ಹಾಡಿದರು. ಅದು ನಿದ್ದೆ ಮಾಡದೆ ಮತ್ತೆ ಮತ್ತೆ ಗುಂಡು ಹಾರಿಸಿತು. ಭಾಷೆ ತಿಳಿಯದಿದ್ದರೂ ಮೌಶಿ ಹೊಟ್ಟೆ ಹಿಡಿದು ನಕ್ಕಳು. ಸಂಜೆ ಒಂದು ಹುಡುಗರ ತಂಡ ಬಂತು. ಅವರಿಗೆ ಬಿದ್ದಷ್ಟು ಸೀಟಿ ಯಾರಿಗೂ ಬೀಳಲಿಲ್ಲ. ಆದರೆ ಎರಡೇ ಹಾಡಿಗೆ ಮುಖ ಬಾಡಿಸಿಕೊಂಡು ಇಳಿದು ಹೋದರು.

“ಇಷ್ಟು ಸೀಟಿ ಬಿದ್ರೂ ಇಳದ್ರಲ್ಲ,” ಎಂದು ನಾನು ಮರುಗಿದೆ.

“ಸೊಕ್ಕು,” ಎಂದರು ಕಾಕಾ. “ಸೀಟಿ ಬಿದ್ದ ಮ್ಯಾಲ ಇಳೀಬಾರದು ಮಗಳ. ಜನಕ್ಕ ಅಪಮಾನ ಅದು.”

ಶನಿವಾರ, ನಾಲ್ಕು ಗಂಟೆ

ನಮ್ಮ ಸರದಿ ಹಗಲು ನಾಲ್ಕಕ್ಕೆ. ದಪ್ಪಿನ ಚರ್ಮ ಬಿಗಿಯಾಗಲು ಬೆಂಕಿಗೆ ಹಿಡಿಯಬೇಕು. ಅಂಗಳದಲ್ಲಿ ಬೆಂಕಿ ಹಚ್ಚುವಂತಿಲ್ಲ ಎಂದರು. ಕೊನೆಗೆ ಯಾನಾ ತಲೆಗೂದಲು ಒಣಗಿಸುವ ಯಂತ್ರ ತಂದು ಕೊಟ್ಟಳು. ಕಾಕಾ ದಪ್ಪಿಗೆ ಬಿಸಿಗಾಳಿ ಹಿಡಿದು, ಬೆರಳಿನಿಂದ ಬಡಿದು ನೋಡಿ, “ಇದನ್ನೊಂದ ಒಯ್ಯೋಣ,” ಎಂದರು.

ವೇದಿಕೆಯ ಮುಂದೆ ಕಬ್ಬಿಣದ ಬೇಲಿ. ಬೇಲಿಯಾಚೆ ಬಿಸಿಲಿನಲ್ಲಿ ಒಂದೂವರೆ ಸಾವಿರ ಜನ ಇದ್ದರೇನೋ. ಎಡಕ್ಕೆ ಮುಂದಿನ ಸಾಲುಗಳಲ್ಲಿ ಯುಕ್ರೇನಿನಿಂದ ಬಂದು ಆ ಊರಲ್ಲಿ ನೆಲೆಸಿದವರು ಕೂತಿದ್ದರು. ಪ್ರತಿ ವರ್ಷ ಬರುತ್ತಾರೆ, ಎಲ್ಲರಿಗಿಂತ ಜೋರಾಗಿ ನಗುವವರು ಅವರೇ ಎಂದು ಯಾನಾ ಹೇಳಿದ್ದಳು.

ಮೊದಲ ನುಡಿಗೆ ಜನ ನಕ್ಕರು. ಯಲ್ಲಪ್ಪನೂ ನಾನೂ “ಗೀಯ ಗಾ ಗೀಯ ಗಾ” ಎಂದು ಹಿಮ್ಮೇಳ ಎತ್ತಿದಾಗ ಅವರೂ ಎತ್ತಿದರು. ಸಾವಿರ ಬಾಯಿಯಲ್ಲಿ ಗೀಗೀ ಕೇಳಿ ನಾನು ಇನ್ನೂ ಜೋರಾಗಿ ಎತ್ತಿದೆ. ಎರಡನೆಯ ನುಡಿ ಬಂತು. ಮುದುಕಿ, ಫೋಟೋ, ಹಾರ, ಓಣಿಯ ಹೆಸರು. ಪರದೆಯ ಮೇಲೆ ಅಕ್ಷರಗಳು ಮೂಡಿದವು. ಎಡಗಡೆಯಿಂದ ಒಂದು ಸೀಟಿ ಬಂತು. ಹಿಂದೆಯೇ ಇನ್ನೊಂದು, ಆಮೇಲೆ ಹತ್ತು.

ಕಾಕಾ ಹಣೆಗೆ ಕೈ ಹಚ್ಚಿ ಕೃತಜ್ಞತೆ ಹೇಳಿ, ಅದೇ ನುಡಿಯನ್ನು ಮತ್ತೆ ಎತ್ತಿದರು. ಪರದೆಯವನೂ ಮತ್ತೆ ಅದನ್ನೇ ತೋರಿಸಿದ. ಸೀಟಿ ಇಮ್ಮಡಿಯಾಯಿತು.

ಕಾಕಾ ಮೌಶಿಯ ಕಡೆ ಬಾಗಿ, “ಶಾಂತವ್ವಾ, ಕೇಳಿದ್ಯಾ? ಹತ್ತರಗ್ಯಾಗೂ ಇಷ್ಟು ಬಿದ್ದಿಲ್ಲ,” ಎಂದರು.

“ಕೇಳಾಕತ್ತೇನ್ರಿ ಅಣ್ಣಾ. ಖರೆ ಮಂದಿ ಮಾರಿ ನೋಡ್ರಿ, ನಗವಲ್ರು.”

ಕಾಕಾ ನೋಡಲಿಲ್ಲ. ನಾನೂ ನೋಡಲಿಲ್ಲ, ನಾನು ಗಡಿಯಾರ ನೋಡುತ್ತಿದ್ದೆ. ಹದಿನೆಂಟು ನಿಮಿಷ ಆಗಿಹೋಗಿತ್ತು. ಮೂರನೆಯ ಸಲಕ್ಕೆ ಕಾಕಾ ವೇದಿಕೆಯ ಅಂಚಿಗೇ ಹೋದರು. ಮುಂದಿನ ಸಾಲಿನ ಒಬ್ಬ ಮುದುಕಿಯನ್ನು ಆರಿಸಿ, ಅವಳ ಮುಂದೆ ಬಗ್ಗಿ, ಇಲ್ಲದ ಫೋಟೋಕ್ಕೆ ಇಲ್ಲದ ಹಾರ ಹಾಕಿ, ಮೀಸೆ ತಿರುವಿ ರಿಬ್ಬನ್ ಕತ್ತರಿಸಿದರು. ಅವರು ಅಷ್ಟು ಚೆನ್ನಾಗಿ ಎಂದೂ ಹಾಡಿರಲಿಲ್ಲ.

ಮೊದಲ ಗ್ಲಾಸು ನನ್ನ ಹೆಗಲಿಗೆ ಬಿತ್ತು. ಪ್ಲಾಸ್ಟಿಕ್ಕಿನದು, ಬಿಯರ್ ತುಂಬಿತ್ತು. ನಮ್ಮಲ್ಲಿ ಖುಷಿಯಾದರೆ ಅರಿಶಿನದ ಭಂಡಾರ ಎರಚುತ್ತಾರಲ್ಲ, ಇಲ್ಲಿ ಹೀಗೇನೋ ಎಂದುಕೊಂಡೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಗುನಗುತ್ತಲೇ ಒರೆಸಿಕೊಂಡೆ. ಇನ್ನೂ ನಾಲ್ಕು ಗ್ಲಾಸು ಬಂದವು. ಆಗ ಮುಖಗಳು ಕಂಡವು.

ಮುಂದಿನದು ಒಂದು ನಿಮಿಷವೂ ಇರಲಾರದು. ನನ್ನ ತಲೆಯೊಳಗೆ ಅದು ದಿನಕ್ಕೆ ಮೂರು ಸಲ ನಡೆಯುತ್ತದೆ, ಪ್ರತಿ ಸಲವೂ ನಿಧಾನವಾಗಿ. ಬೇಲಿ ಬಿದ್ದ ಸದ್ದು. ಊರುಗೋಲು ಹಿಡಿದ ಒಬ್ಬ ಗಂಡಸನ್ನು ಇಬ್ಬರು ಎತ್ತಿ ವೇದಿಕೆಗೆ ಹತ್ತಿಸಿದರು. ಅವನ ಎಡಗಾಲು ಮೊಣಕಾಲಿನಿಂದ ಕೆಳಗೆ ಲೋಹದ್ದು. ಅವನು ಊರುಗೋಲು ಎತ್ತಿದ; ಕಾಕಾ ದಪ್ಪನ್ನು ಮುಖಕ್ಕೆ ಅಡ್ಡ ಹಿಡಿದರು. ಚರ್ಮ ಹರಿದ ಸದ್ದು ಮೈಕಿನಲ್ಲಿ ಇಡೀ ಅಂಗಳಕ್ಕೆ ಕೇಳಿತು. ಜನ ನುಗ್ಗಿದ ರಭಸಕ್ಕೆ ಪಕ್ಕದ ದೀಪದ ಕಂಬ ಅಲ್ಲಾಡಿತು. ಅದರ ನೆರಳು ನನ್ನ ಕಾಲ ಮೇಲಿಂದ ಎದೆಗೆ, ಎದೆಯಿಂದ ಮುಖಕ್ಕೆ ಹತ್ತುವುದನ್ನು ನೋಡುತ್ತ ನಾನು ನಿಂತೇ ಇದ್ದೆ. ಓಡಬೇಕೆಂದು ಗೊತ್ತಿತ್ತು. ಕಾಲಿಗೆ ಗೊತ್ತಿರಲಿಲ್ಲ.

ಮೌಶಿ ಹಿಂದಿನಿಂದ ನನ್ನ ಜಡೆ ಹಿಡಿದು ಎಳೆದಳು. ಕಂಬ ನಾನು ನಿಂತಿದ್ದ ಹಲಗೆಯನ್ನು ಒಡೆದುಕೊಂಡು ಬಿತ್ತು. ನಾನು ಮೌಶಿಯ ಮೇಲೆ ಬಿದ್ದೆ, ಮೌಶಿ ಯಲ್ಲಪ್ಪನ ಮೇಲೆ.

“ತುಂತುಣಿ,” ಎಂದ ಯಲ್ಲಪ್ಪ, ಅಡಿಯಿಂದ. ಅವತ್ತು ಅವನು ಆಡಿದ ಮಾತು ಅದೊಂದೇ.

ಕಾವಲಿನವರು ಬಂದು ನಮ್ಮನ್ನು ಹಿಂದಿನ ಬಾಗಿಲಿನಿಂದ ಹೊರಗೆ ಕರೆದೊಯ್ದರು. ಬೇಲಿಯ ಅಡಿ ಸಿಕ್ಕ ಮೂವರಿಗೆ ಗಾಯವಾಗಿತ್ತು, ಜೀವಕ್ಕೆ ಅಪಾಯವಿರಲಿಲ್ಲ. ಅತ್ತು ಕೆಂಪಾದ ಮುಖದ ಯಾನಾ ಕಾರಿನಲ್ಲಿ ನನಗೆ ಹೇಳಿದಳು: ಇಲ್ಲಿ ಸೀಟಿ ಹೊಡೆದರೆ, ಸಾಕು, ಇಳಿ ಎಂದರ್ಥ. ನಾನು ಅದನ್ನು ಕನ್ನಡದಲ್ಲಿ ಕಾಕಾರಿಗೆ ಹೇಳಿದೆ.

ಕಾಕಾ ಹರಿದ ದಪ್ಪನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. “ಅಂದ್ರ ಅವ್ರು ಮೂರ ಸಲ ಬ್ಯಾಡಂದ್ರು, ನಾ ಮೂರ ಸಲ ಹಾಡಿದ್ನಿ.”

“ಹೌದ್ರಿ.”

“ಶಾಂತವ್ವನ ಜವಾಬ್ ಯಾರೂ ಕೇಳಲಿಲ್ಲ.”

“ಇಲ್ರಿ.”

“ನಾಡದು ವಿಮಾನ.” ಕಿಟಕಿಯಾಚೆ ಹಸಿರು ದೀಪಕ್ಕಾಗಿ ಕಾಯುತ್ತ ನಿಂತವರನ್ನು ನೋಡಿದರು. “ಬರೇ ಯುದ್ಧಪ್ಪನ್ನ ಕರಕೊಂಡು ಬಂದು, ಅವ್ರ ಅಂಗಳದಾಗ ಬಿಟ್ಟು ಹೋಗೂದೇನ ಮಗಳ ನಾವು?”

ಭಾನುವಾರ, ಅಡುಗೆಮನೆ

ನಮ್ಮ ಕಾರ್ಯಕ್ರಮವನ್ನು ಪೂರ್ತಿ ಮಾಡಲು ಇನ್ನೊಮ್ಮೆ ಅವಕಾಶ ಕೇಳಿದೆ. ಒಡೆದ ವೇದಿಕೆ ತೋರಿಸಿದರು. ನ್ಯಾಯವೇ.

ಬೆಳಗ್ಗೆ ನಾವು ಇಳಿದುಕೊಂಡಿದ್ದ ಹಾಸ್ಟೆಲಿನ ಅಡುಗೆಮನೆಯಲ್ಲಿ ಮೌಶಿ ಅಲ್ಲಿಯ ಬ್ರೆಡ್ಡಿಗೆ ಶೇಂಗಾ ಚಟ್ನಿ ಹಚ್ಚುತ್ತಿದ್ದಳು. ಯಾನಾ ಒಳಗೆ ಬಂದಳು. ಅವಳ ಹಿಂದೆ ಊರುಗೋಲಿನ ಸದ್ದು. ನಾನು ಎದ್ದು ಗೋಡೆಗೆ ಬೆನ್ನು ಹಚ್ಚಿ ನಿಂತದ್ದು ನನಗೆ ಆಮೇಲೆ ತಿಳಿಯಿತು.

ಅವನ ಹೆಸರು ಆಂದ್ರಿ. ಮೊದಲು ಯುಕ್ರೇನಿನಲ್ಲಿ ಶಾಲಾ ಮಾಸ್ತರನಾಗಿದ್ದ, ಇಂಗ್ಲಿಷ್ ಚೆನ್ನಾಗಿತ್ತು. ಬಾಗಿಲಲ್ಲಿ ಚಪ್ಪಲಿ ಬಿಚ್ಚಲು ಅವನಿಗೆ ಬಹಳ ಹೊತ್ತು ಹಿಡಿಯಿತು. ಕ್ಷಮೆ ಕೇಳಲು ಬಂದಿಲ್ಲ ಎಂದು ಮೊದಲೇ ಹೇಳಿದ. ಯಾನಾ ರಾತ್ರಿ ಫೋನಿನಲ್ಲಿ, ಆ ಪದಕ್ಕೆ ಇನ್ನರ್ಧ ಇದೆ ಎಂದಳಂತೆ. ಅದೇನೆಂದು ಕೇಳಲು ಬಂದಿದ್ದ.

“ನಮ್ಮ ಓಣಿಗೆ ನನ್ನ ತಮ್ಮನ ಹೆಸರು ಇಟ್ಟಿದ್ದಾರೆ,” ಎಂದ. “ರಿಬ್ಬನ್ ಕತ್ತರಿಸಿದ್ದರು. ನಮ್ಮ ತಾಯಿ ಅದೇ ಓಣಿಯಲ್ಲಿ ಇದ್ದಾಳೆ. ಈಗ ಅವಳ ವಿಳಾಸ ಬರೆಯಬೇಕಾದರೆ ಅವನ ಹೆಸರು ಬರೆಯಬೇಕು. ನಿಮ್ಮ ಮನುಷ್ಯನಿಗೆ ಇದನ್ನು ಯಾರು ಹೇಳಿದರು?”

ನಾನು ಕಾಕಾರಿಗೆ ಹೇಳಿದೆ. ಅವರು ಕೈಯಲ್ಲಿದ್ದ ಬ್ರೆಡ್ಡನ್ನು ಕೆಳಗಿಟ್ಟರು.

“ಯಾರೂ ಹೇಳಿಲ್ಲಂತ ಹೇಳು. ನಾ ಅದನ್ನ ನಗಿಗಂತ ಕಟ್ಟಿದ್ನಿ. ಎಲ್ಲೂ ಖರೇ ನಡದಿರಾಕಿಲ್ಲ ಅಂತ ತಿಳಕೊಂಡಿದ್ನಿ.” ಆಮೇಲೆ ಮೌಶಿಯ ಕಡೆ ತಿರುಗಿ, “ಶಾಂತವ್ವಾ, ಏಳ್. ಜವಾಬ್ ಕೇಳಾಕ ಬಂದಾನ.”

ಮೌಶಿ ಕೈ ತೊಳೆದುಕೊಂಡಳು. ಸೆರಗು ಸಿಕ್ಕಿಸಿ, ಒಲೆಯ ಬಾಜೂ ನಿಂತಳು. ಯಲ್ಲಪ್ಪ ತುಂತುಣಿ ಮೀಟಿದ. ದಪ್ಪು ಇಲ್ಲದ ಗೀಗೀ ಪದವನ್ನು ನಾನು ಅದೇ ಮೊದಲು ಕೇಳಿದ್ದು.

ಮುಕಾದಮ ಅಣ್ಣಾ, ಕುಂದರ ಬಾ ಇತ್ತ
ಗಾಡಿ ಹೊರಗ ನಿಲ್ಲಸು
ನಮ್ಮನಿ ಆಳ ಕೇಳೂಕಿಂತ ಮೊದಲ
ನಿನ್ನ ಮಕ್ಕಳ ಹೆಸರ ತಿಳಸು

ನಾನು ಇಂಗ್ಲಿಷಿಗೆ ತಂದಾಗ ಆಂದ್ರಿ ಮೂಗಿನಿಂದ ಸಣ್ಣದಾಗಿ ಉಸಿರು ಬಿಟ್ಟ. ಅದು ನಗುವಿನ ಅಂಚು. ಮುಂದಿನ ನುಡಿಗೆ ನಾನು ತಡವರಿಸಿದೆ.

ಕಡದ ಕಬ್ಬು ಕುಳಿಯಾಗಿ ಚಿಗೀತೈತಿ
ಬ್ಯಾಸಿಗಿ ಕಳದ ಮ್ಯಾಗ
ಕಡದ ಮಗ ಎಲ್ಲಿ ಚಿಗೀತಾನ ಹೇಳೋ
ಯಾವ ಊರ ಮಣ್ಣಾಗ

ಕಡಿದ ಬುಡದಿಂದ ತಾನೇ ಮತ್ತೆ ಚಿಗುರುವ ಕಬ್ಬು, ಅದು ಕುಳಿ. ಅವನು ಕಬ್ಬು ಕಂಡವನಲ್ಲ. ನನ್ನ ಅನುವಾದದಲ್ಲಿ ಇದ್ದದ್ದು ಬೀಟ್. ಬೀಟ್ ಮತ್ತೆ ಚಿಗುರುತ್ತದೆ ಎಂದು ಹೇಳಿದೆ. ಅವನು ತಲೆ ಅಲ್ಲಾಡಿಸಿದ.

“ನಮ್ಮ ಮನೆಯಲ್ಲೂ ಬೀಟ್ ಬೆಳೆಯುತ್ತಿದ್ದೆವು. ಅದನ್ನು ಯಾರೂ ಕಡಿಯುವುದಿಲ್ಲ, ಬೇರು ಸಮೇತ ಕೀಳುತ್ತಾರೆ. ಏನೂ ಉಳಿಯುವುದಿಲ್ಲ,” ಎಂದ.

ಅದನ್ನೂ ನಾನು ಕನ್ನಡಕ್ಕೆ ತಂದೆ. ಯಲ್ಲಪ್ಪ ತುಂತುಣಿ ಮೀಟುತ್ತಲೇ ಇದ್ದ, ಏಕೆಂದರೆ ಈಗ ಸರದಿ ಯುದ್ಧಪ್ಪನದು. ಬ್ಯಾಡ್ರಿ ಕಾಕಾ, ಆ ನುಡಿ ಹಾಡಬ್ಯಾಡ್ರಿ ಎಂಬುದು ನನ್ನ ತುದಿನಾಲಿಗೆಗೆ ಬಂದಿತ್ತು. ಕಾಕಾ ಪಟಗಾ ಸರಿ ಮಾಡಿಕೊಂಡರು. ಮೀಸೆಗೆ ಕೈ ಹೋಗಿ ಅರ್ಧಕ್ಕೆ ನಿಂತಿತು. ಹರಿದ ದಪ್ಪನ್ನು ಎತ್ತಿ, ಬ್ರೆಡ್ಡು ಮತ್ತು ಜಾಮ್ ಬಾಟಲಿಯ ನಡುವೆ ಜಾಗ ಮಾಡಿ, ಮೇಜಿನ ಮೇಲೆ ಬೋರಲು ಇಟ್ಟರು.

ಯಲ್ಲಪ್ಪನ ಬೆರಳು ನಿಂತಿತು.

“ಹಾಗಂದರೆ ಏನು?” ಎಂದು ಆಂದ್ರಿ ಕೇಳಿದ.

“ಸೋತರು,” ಎಂದೆ.

“ಯಾರು?”

“ಯುದ್ಧ.”

ಅವನು ಬೋರಲು ಬಿದ್ದ ದಪ್ಪಿನ ಅಂಚಿನ ಕಚ್ಚಿನ ಮೇಲೆ ಬೆರಳಾಡಿಸಿದ. ಮೌಶಿ ಸೀರೆಯ ಗಂಟಿನಿಂದ ಬಂದ ಆ ನಾಲ್ಕನೆಯ ಡಬ್ಬಿಯನ್ನು ಅವನ ಮುಂದೆ ತಳ್ಳಿದಳು. “ತಿನ್ನಪ್ಪಾ. ಮಾರಿ ಸೊರಗೈತಿ.” ಅವನು ಕಚ್ಚಿದ. ಹಲ್ಲು ಅಂಟಿಕೊಂಡಿತು. ಬಿಡಿಸಿಕೊಳ್ಳಲು ಒದ್ದಾಡಿ, ಕೊನೆಗೆ ಕಣ್ಣಲ್ಲಿ ನೀರು ಬರುವಂತೆ ನಕ್ಕ.

“ಇದರಿಂದ ಬಂಕರ್ ಕಟ್ಟಬೇಕಿತ್ತು,” ಎಂದ. “ಒಂದೂ ಬೀಳುತ್ತಿರಲಿಲ್ಲ.”

ಮೌಶಿ ಅವನಿಗೆ ಎಷ್ಟು ಮಕ್ಕಳು ಎಂದು ಕೇಳಲು ನನಗೆ ಕಣ್ಣು ಮಾಡಿದಳು. ಒಬ್ಬಳು ಮಗಳು. ಹೋಗುವಾಗ ಅವಳಿಗೆಂದು ಎರಡು ತುಂಡು ಕಟ್ಟಿಕೊಟ್ಟಳು. ಅವನು ನನ್ನ ಮುಂದೆ ನಿಂತು, ಗೋಡೆಗೆ ಒತ್ತಿಕೊಂಡ ನನ್ನ ಅಂಗೈಗಳನ್ನು ನೋಡಿ, “ಕಂಬದ ವಿಷಯಕ್ಕೆ ಕ್ಷಮೆ ಕೇಳುತ್ತೇನೆ,” ಎಂದ. “ನಿಲ್ಲುತ್ತದೆ, ಈ ಹೆದರಿಕೆ. ನಿಧಾನಕ್ಕೆ.”

ಎಷ್ಟು ನಿಧಾನಕ್ಕೆ ಎಂದು ಕೇಳಬೇಕಿತ್ತು.

ಯಮಕನಮರಡಿ

ನಾವು ಬಂದ ಎರಡು ತಿಂಗಳಿಗೆ ಯಮಕನಮರಡಿಯ ಶಾಲೆಯ ಅಂಗಳದಲ್ಲಿ ಸಂಜೆ ಹೊತ್ತಿಗೆ ಮೇಳಕ್ಕೆ ಕರೆ ಬಂತು. ಫಾರಿನ್ನಿಗೆ ಹೋಗಿ ಬಂದ ಮೇಳ ಎಂದು ಜನ ಗೋಡೆಯ ಮೇಲೂ ಕೂತಿದ್ದರು. ಕಾಕಾ ದಪ್ಪಿಗೆ ಮೂಡಲಗಿಯಲ್ಲಿ ಹೊಸ ಚರ್ಮ ಹಾಕಿಸಿದ್ದರು. ಕಟ್ಟಿಗೆಯ ಅಂಚಿನಲ್ಲಿ ಊರುಗೋಲು ತಗುಲಿದ ಕಚ್ಚನ್ನು ಮಾತ್ರ ಹಾಗೆಯೇ ಬಿಟ್ಟಿದ್ದರು.

ನಾನು ಪೆಂಡಾಲಿನ ಬಿದಿರುಗಳನ್ನು ಒಂದೊಂದಾಗಿ ಅಲ್ಲಾಡಿಸಿ ನೋಡಿ ಬದಿಯಲ್ಲಿ ನಿಂತೆ. ಕೂದಲು ಕತ್ತರಿಸಿಕೊಳ್ಳಬೇಕೆಂದು ಹಿಂದೆಲ್ಲ ಆಸೆ ಇತ್ತು. ಈಗ ಜಡೆಯನ್ನು ಬೆನ್ನ ಮೇಲೆ ಬಿಟ್ಟೇ ಇರುತ್ತೇನೆ, ಹಿಡಿಯುವವರಿಗೆ ಅನುಕೂಲವಾಗಲಿ ಎಂದು.

ಗಣಪತಿಗೆ ಬಾಕಿಯಿದ್ದದ್ದೂ ಸೇರಿ ನಾಲ್ಕು ನುಡಿ ಸಂದವು. ಯುದ್ಧಪ್ಪ ಬಂದ, ಆಳು ಕೇಳಿದ, ಮುದುಕಿಗೆ ಸಮಾಧಾನ ಹೇಳಿದ. ಒಂದು ಸೀಟಿ ಬಿತ್ತು. ನನ್ನ ಕೈ ತಾನಾಗಿಯೇ ತಲೆಗೆ ಹೋಯಿತು. ಜನ ನಗುತ್ತಿದ್ದರು, ನಿಜವಾಗಿಯೂ ನಗುತ್ತಿದ್ದರು, ಯಾರೂ ಬೇಲಿ ಹತ್ತಲಿಲ್ಲ. ಕಾಕಾ ಆ ನುಡಿಯನ್ನು ಮತ್ತೆ ಹಾಡಲಿಲ್ಲ. ಮೌಶಿಗೆ ದಾರಿ ಬಿಟ್ಟರು. ಅವಳು ತನ್ನ ಜವಾಬು ಹಾಡಿದಳು. ಕಡದ ಮಗ ಎಲ್ಲಿ ಚಿಗೀತಾನ ಹೇಳೋ.

ಈಗ ಬರುವ ನುಡಿ ಎಲ್ಲರಿಗೂ ಬಾಯಿಪಾಠ. ಗೋಡೆಯ ಮೇಲಿನವರು ಎರಡು ಬೆರಳು ಬಾಯಿಗಿಟ್ಟು ಸಿದ್ಧರಾದರು. ಕಾಕಾ ಮುಂದೆ ಬಂದರು, ಜನರನ್ನು ಒಮ್ಮೆ ನೋಡಿದರು, ದಪ್ಪನ್ನು ನೆಲಕ್ಕೆ ಬೋರಲು ಇಟ್ಟು ಅದರ ಬಾಜೂ ಕೂತುಬಿಟ್ಟರು.

“ಏ ಕಾಕಾ, ಉಳದದ್ದು ಹಾಡ್ರಿ,” ಎಂದ ಮುಂದಿನ ಸಾಲಿನ ಒಬ್ಬ. “ಬಾಗಿಲ ಬಡಿಯೂದು ಎಲ್ಲಿ ಹೋತು?”

“ಫಾರಿನ್ನಿಗೆ ಹೋಗಿ ಮರತ ಬಂದಾರ,” ಎಂದ ಇನ್ನೊಬ್ಬ. ಜನ ನಕ್ಕರು.

“ಮರತಿಲ್ಲೋ ತಮ್ಮಾ. ಸೋತೇನಿ,” ಎಂದರು ಕಾಕಾ. “ಆಕಿ ಕೇಳಿದ್ದಕ್ಕ ನನ್ನ ಕಡೆ ಜವಾಬ್ ಇಲ್ಲ. ನಿಮಗ ಗೊತ್ತಿದ್ರ ಹೇಳ್ರಿ. ಎಲ್ಲಿ ಚಿಗೀತಾನ?”

ನಗು ಒಂದೊಂದೇ ಸಾಲಿನಿಂದ ಹಿಂದಕ್ಕೆ ಸರಿದು ಹೋಯಿತು. ಮುಂದಿನ ಸಾಲಿನವನು ತನ್ನ ಕಾಲ ಬೆರಳು ನೋಡಿಕೊಂಡ. ಹೆದ್ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಹಾಡು ಹಚ್ಚಿಕೊಂಡು ದಾಟಿ ಹೋಯಿತು.

ಆಮೇಲೆ ಗೋಡೆಯ ಕಡೆಯಿಂದ ಒಂದು ಸೀಟಿ ಬಂತು, ಮೆಲ್ಲಗೆ, ಒಂದೇ ಒಂದು. ನಾನು ತಲೆ ಬಗ್ಗಿಸಲಿಲ್ಲ. ಅದು ಯಾವ ದೇಶದ ಸೀಟಿ ಎಂದು ಮಾತ್ರ ನನಗೆ ತಿಳಿಯಲಿಲ್ಲ.